ಆಟದ ಡಬ್ಬಿಗೆ ಕುಂಕುಮ ಇಟ್ಟ ವರ್ಷ

ಹೋದ ತಿಂಗಳು ಹೊಸೂರಿನ ಪಕ್ಕದ ಜೂಜುವಾಡಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಗಡಿ ದಾಟಬೇಕಾದ ಲಾರಿಗಳು ಅತ್ತಿಬೆಲೆಯ ಕಡೆಗೆ ಸಾಲುಗಟ್ಟಿದ್ದವು. ಹೊಗೆ ತಡೆಯಲಾರದೆ ಹಿಂದಿದ್ದ ಮೊಬೈಲ್ ರಿಪೇರಿ ಅಂಗಡಿಯ ನೆರಳಿಗೆ ಸರಿದೆ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಫೋನುಗಳು, ಬಾಲ ಕಿತ್ತ ಚಾರ್ಜರುಗಳು. ಅವುಗಳ ನಡುವೆ ಅದು ಮಲಗಿತ್ತು. ಅಂಗೈಗಿಂತ ಸ್ವಲ್ಪ ಉದ್ದ, ನೀಲಿ ಮೈ, ಒಂದು ಕಡೆ ದಿಕ್ಕಿನ ಗುಂಡಿ, ಇನ್ನೊಂದು ಕಡೆ ಎರಡು ಕೆಂಪು ಗುಂಡಿ, ನಡುವೆ ಪುಟ್ಟ ಪರದೆ. ಕೈಯಲ್ಲಿ ಹಿಡಿದುಕೊಂಡು ಆಡುವ ವಿಡಿಯೊ ಗೇಮ್. ಅದನ್ನು ತುಂಬಿ ಮಾರುವ ಪೆಟ್ಟಿಗೆಯ ಮೇಲೆ ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಅದನ್ನು ಜೋಡಿಸುತ್ತಿದ್ದ ನಮ್ಮ ಬಾಯಲ್ಲಿ ಅದು ಆಟದ ಡಬ್ಬಿ.

"ಓಡ್ತದಾ ಇದು?" ಎಂದೆ.

"ಯಾಕ್ ಓಡಲ್ಲ ಮೇಡಂ," ಎಂದು ಅಂಗಡಿಯವನು ಸ್ವಿಚ್ ಒತ್ತಿದ. ಗಂಟಲಲ್ಲಿ ನೀರು ತುಂಬಿಕೊಂಡ ಹಕ್ಕಿ ಕೂಗಿದ ಹಾಗೆ ಒಂದು ತುಂಡು ರಾಗ ಹೊರಟಿತು. ಒಂದು ಇಡೀ ಮಳೆಗಾಲ, ಬೆಳಗಿನಿಂದ ಸಂಜೆಯವರೆಗೆ, ನನ್ನ ಕಿವಿಯಲ್ಲಿ ಕುಟ್ಟಿದ ರಾಗ.

"ಈ ಕಂಪನಿಯವ್ರು ಇದನ್ನ ಇನ್ನೂ ಮಾಡ್ತಾರಾ?"

"ಯಾರಿಗ್ಗೊತ್ತು ಮೇಡಂ? ನಿಲ್ಸಿದೀವಿ ಅಂತ ಅವ್ರೇನೂ ಹೇಳಿಲ್ಲ. ಹೊಸ ಮಾಡಲ್ ಬತ್ತದೆ, ಬತ್ತದೆ ಅಂತ ನಮ್ ಡೀಲರ್ ಇವತ್ತಿಗೂ ಹೇಳ್ತಾನೇ ಅವ್ನೆ."

ಇವತ್ತಿಗೂ! ಮೂರು ವರ್ಷ ಕಳೆದರೂ ಆ ಒಂದು ವಾಕ್ಯವನ್ನು ಹೇಳುವ ಬಾಯಿ ಆ ಕಂಪನಿಯಲ್ಲಿ ಹುಟ್ಟಿಲ್ಲ. ನನ್ನ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ. ಇಂಥ ನೆನಪು ಬಂದಾಗ ಜನ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆಂದು ಕೇಳಿದ್ದೇನೆ. ನನಗೆ ಮೈ ಉರಿಯಿತು. ಆ ಉರಿ ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಆರರ ಮಳೆಗಾಲ. ಕೃಷ್ಣಗಿರಿಯಲ್ಲಿ ಪದವಿ ಮುಗಿಸಿ ಊರಿಗೆ ಬಂದಿದ್ದೆ. ಕಾಲೇಜಿನಲ್ಲಿ ಪಾಠಕ್ಕಿಂತ ಹೆಚ್ಚಾಗಿ ನಾನು ಕಲಿತದ್ದು ಚರ್ಚಾಸ್ಪರ್ಧೆಯನ್ನು. ನಮ್ಮೂರು ತಳಿಯ ಕನ್ನಡ ಶಾಲೆಯಿಂದ ಹೋದವಳು ತಮಿಳಿನಲ್ಲಿ ವಾದ ಮಾಡಿ ಗೆಲ್ಲಬೇಕೆಂಬ ಹಠ, ಗೆದ್ದೂ ಇದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಎರಡು ಮಾತನ್ನು ತಲೆಗೆ ಕುಟ್ಟಿ ಕುಟ್ಟಿ ಇಳಿಸಿದ್ದರು. ಒಂದು, ಎದುರಾಳಿ ಏನು ಹೇಳುತ್ತಿದ್ದಾನೆ ಎಂಬುದನ್ನು ಮೊದಲು ಅವನ ಬಾಯಿಂದಲೇ ಸ್ಪಷ್ಟವಾಗಿ ಹೇಳಿಸು. ಎರಡು, ನೀನು ಯಾವ ಸಾಕ್ಷಿಯನ್ನು ನಂಬುತ್ತೀಯ ಎಂಬುದನ್ನು ಅವನಿಗೆ ಬಿಟ್ಟುಕೊಡಬೇಡ. ಆ ವರ್ಷ ಈ ಎರಡೂ ಮಾತು ಎಷ್ಟು ನಿಜ ಎಂದು ತಿಳಿಯಿತು. ಅವುಗಳಿಂದ ಏನೂ ಆಗುವುದಿಲ್ಲ ಎಂದೂ ತಿಳಿಯಿತು.

ಬಿ.ಎಡ್. ಸೀಟು ಸಿಗುವ ತನಕ ಮನೆಯಲ್ಲಿ ಕೂತು ಏನು ಮಾಡುವುದೆಂದು ಆಟದ ಡಬ್ಬಿ ತಯಾರಾಗುತ್ತಿದ್ದ ಹೊಸೂರಿನ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದೆ. ಬೆಳಗ್ಗೆ ಕಂಪನಿ ಬಸ್ಸು ತಳಿಗೆ ಬರುತ್ತಿತ್ತು. ನಮ್ಮ ಕಡೆಯ ಮಳೆ ಗೊತ್ತಲ್ಲ, ಸುರಿಯುವುದಿಲ್ಲ, ಬಿಡುವುದೂ ಇಲ್ಲ. ಸೋನೆ ಹಿಡಿದರೆ ಮೂಳೆಯವರೆಗೂ ತಣ್ಣಗೆ ಇಳಿಯುತ್ತದೆ. ಕಿಟಕಿ ಮುಚ್ಚದ ಆ ಬಸ್ಸಿನಲ್ಲಿ ಸೆರಗನ್ನು ತಲೆತುಂಬ ಹೊದ್ದ ಹೆಂಗಸರು, ಕಾಲ ಬುಡದಲ್ಲಿ ಊಟದ ಡಬ್ಬಿ, ಮೇಲುಗಡೆ ಸೇವಂತಿಗೆಯ ಮೂಟೆ. ಹೂವಿನ ಮೂಟೆಗೆ ಕಂಪನಿ ಬಸ್ಸಿನಲ್ಲಿ ಜಾಗವಿಲ್ಲ ಎಂಬ ನಿಯಮವಿತ್ತು. ಡ್ರೈವರ್ ನಮ್ಮ ಊರಿನ ಅಳಿಯ, ಹಾಗಾಗಿ ನಿಯಮ ಹೊಸೂರಿನಲ್ಲಿ ಮಾತ್ರ ಜಾರಿಯಲ್ಲಿತ್ತು.

ಆಟದ ಡಬ್ಬಿಯ ಲೈನು ಕಾರ್ಖಾನೆಯ ಹಿಂಭಾಗದ ಉದ್ದನೆಯ ಶೆಡ್ಡಿನಲ್ಲಿತ್ತು. ಒಳಗಿನ ಬೋರ್ಡು, ಪರದೆ ಎಲ್ಲ ಹೊರದೇಶದಿಂದ ಬರುತ್ತಿದ್ದವು. ವೈರು ಬೆಸೆದು, ನೀಲಿ ಚಿಪ್ಪಿನೊಳಗೆ ಕೂರಿಸಿ, ಸ್ಕ್ರೂ ಬಿಗಿದು, ಪರೀಕ್ಷಿಸಿ ಪೆಟ್ಟಿಗೆ ತುಂಬುವವರು ನಾವು. ಬೆಸುಗೆಯ ರಾಳದ ಹೊಗೆ ಸೀರೆಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ. ಲೈನಿನ ಕೊನೆಯ ಮೇಜಿನಲ್ಲಿ ಪದ್ಮಕ್ಕ ಕೂರುತ್ತಿದ್ದಳು. ಅವಳ ಪಕ್ಕ ನಾನು, ನನ್ನ ಪಕ್ಕ ಸೆಲ್ವಿ. ಹೊಸೂರಿನ ತಮಿಳು ಹುಡುಗಿ, ಇಪ್ಪತ್ತೆರಡರ ಪ್ರಾಯ, ಮೂರು ಭಾಷೆಯಲ್ಲಿ ಬೈಯಬಲ್ಲವಳು.

ಪರೀಕ್ಷೆ ಎಂದರೆ ಆಟ ಆಡುವುದೇ. ಸ್ವಿಚ್ ಒತ್ತಿದರೆ ಆ ರಾಗ, ಆಮೇಲೆ ಟೋಪಿ ಹಾಕಿದ ಒಬ್ಬ ಕುಳ್ಳ. ಅವನನ್ನು ಹಳ್ಳ ಹಾರಿಸಿ, ಏಣಿ ಹತ್ತಿಸಿ, ಬಾಗಿಲವರೆಗೆ ಮುಟ್ಟಿಸಬೇಕು. ಅಷ್ಟರಲ್ಲಿ ಎಲ್ಲ ಗುಂಡಿಗಳ ಪರೀಕ್ಷೆಯೂ ಮುಗಿಯುತ್ತಿತ್ತು. ಬಾಗಿಲು ಮುಟ್ಟಿದ ಕೂಡಲೇ ಆರಿಸಿ ಮುಂದಿನದು. ಬಾಗಿಲಾಚೆ ಹೋಗಲು ಸಮಯವಿಲ್ಲ, ಅಪ್ಪಣೆಯೂ ಇಲ್ಲ. ವರ್ಷಗಟ್ಟಲೆ ಆ ಆಟವನ್ನು ಆಡಿದ ಹೆಂಗಸರಿಗೆ ಎರಡನೇ ಹಂತದಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ.

"ಬಾಗ್ಲಾಚೆ ಏನಿರ್ತದೆ ಅಕ್ಕ?" ಎಂದು ಸೆಲ್ವಿ ಒಮ್ಮೆ ಕೇಳಿದಳು.

"ಇನ್ನೊಂದ್ ಹಳ್ಳ ಇರ್ತದೆ, ಬಿಡು," ಎಂದಳು ಪದ್ಮಕ್ಕ, ತಲೆ ಎತ್ತದೆ.

ಪದ್ಮಕ್ಕ ತಳಿಯಿಂದ ಒಳಗೆ ಒಂದು ಹಳ್ಳಿಯವಳು. ಗಂಡ ಬಾಡಿಗೆ ಜೀಪು ಓಡಿಸುತ್ತಿದ್ದ. ಮಗಳು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಲೈನಿಗೆ ಅವಳೇ ಯಜಮಾನಿ; ಯಾರ ಕೈ ನಡುಗುತ್ತದೆ, ಯಾರು ಹಸಿದು ಬಂದಿದ್ದಾರೆ ಎಲ್ಲವೂ ಅವಳ ಲೆಕ್ಕದಲ್ಲಿ. ಆದರೆ ಕಂಪನಿಯ ಲೆಕ್ಕದಲ್ಲಿ ಅವಳು ಕಂಪನಿಯವಳೇ ಅಲ್ಲ. ಕಂಟ್ರಾಕ್ಟರನ ಆಳು. ಆ ಲೈನಿನ ಹೆಂಗಸರೆಲ್ಲ ಹಾಗೆಯೇ. "ಲೈನ್ ಚೆನ್ನಾಗಿ ಓಡಿದರೆ ಪೊಂಗಲ್ ಆದಮೇಲೆ ಪರ್ಮನೆಂಟ್" ಎಂಬ ಮಾತು ಗಾಳಿಯಲ್ಲಿತ್ತು. ಪ್ರತಿ ವರ್ಷವೂ ಇತ್ತಂತೆ.

ಆ ಮಳೆಗಾಲದಲ್ಲಿ ಗಾಳಿಗೆ ಇನ್ನೊಂದು ಮಾತು ಬಂತು. ಆಟದ ಡಬ್ಬಿ ನಿಲ್ಲಿಸ್ತಾರಂತೆ.

ಕಾರಣ ಹುಡುಕಲು ಪಂಡಿತರು ಬೇಕಿರಲಿಲ್ಲ. ನಮ್ಮ ಬಸ್ಸಿನಲ್ಲಿಯೇ ಡ್ರೈವರ್ ಸಿಗ್ನಲ್ಲಿನಲ್ಲಿ ಮೊಬೈಲ್ ತೆಗೆದು ಆಟ ಆಡುತ್ತಿದ್ದ. ಮಾತೂ ಆಡಬಹುದು, ಆಟವೂ ಆಡಬಹುದು ಎಂದಮೇಲೆ ಬರಿಯ ಆಟದ ಡಬ್ಬಿಯನ್ನು ಯಾರು ಕೊಳ್ಳುತ್ತಾರೆ? ಅಂಗಡಿಗಳಿಂದ ವಾಪಸ್ಸು ಬಂದ ಪೆಟ್ಟಿಗೆಗಳು ಗೋಡೌನಿನ ಬಾಗಿಲಿಗೆ ಅಡ್ಡ ಬಿದ್ದಿದ್ದವು. ವಾರದಲ್ಲಿ ಒಂದೆರಡು ದಿನ ಪರದೆಗಳು ಬರುತ್ತಿರಲಿಲ್ಲ. ನಮ್ಮ ಕೈಗೆ ಬಟ್ಟೆ ಕೊಟ್ಟು ಮೇಜು ಒರೆಸಿಸುತ್ತಿದ್ದರು. ಒರೆಸಿದ ಮೇಜನ್ನೇ ಒರೆಸುತ್ತಾ ನಾನು ವಾದ ಮಂಡಿಸುತ್ತಿದ್ದೆ.

"ನಿಲ್ಲಿಸೋದು ಖಂಡಿತ. ವಾಪಸ್ ಬಂದಿರೋದು ನೋಡಿ, ಪರದೆ ಬರದೆ ಇರೋದು ನೋಡಿ."

"ಹೂಂ, ಲಾಯರಮ್ಮ ಹೇಳಿದ್ಮೇಲೆ ಆಯ್ತು, ಶಟರ್ ಎಳೀರಿ," ಎನ್ನುತ್ತಿದ್ದಳು ಸೆಲ್ವಿ. ಲಾಯರಮ್ಮ ಎಂದರೆ ನಾನು. ಸೇರಿದ ವಾರವೇ ಬಿದ್ದ ಹೆಸರು.

ಇದು ಹರಟೆಯಾಗಿಯೇ ಉಳಿದಿದ್ದರೆ ನನಗೆ ಇವತ್ತು ಬರೆಯುವ ಕೆಲಸವಿರಲಿಲ್ಲ. ಭಾದ್ರಪದದಲ್ಲಿ ಪದ್ಮಕ್ಕನಿಗೆ ಸೂಳಗಿರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹೆದ್ದಾರಿಯ ಬದಿಗೆ ಹೊಸದಾಗಿ ಎದ್ದಿದ್ದ ಕಾರ್ಖಾನೆ, ವಾಹನಗಳಿಗೆ ವೈರಿನ ಕಟ್ಟು ತಯಾರಿಸುವುದು. ನೇರ ಕಂಪನಿಯ ಕೆಲಸ, ಕಂಟ್ರಾಕ್ಟರ್ ಇಲ್ಲ. ಅವಳ ಬೆರಳು ನೋಡಿಯೇ ತೆಗೆದುಕೊಂಡರಂತೆ. ಆದರೆ ಅವರ ಕಟ್ಟುನಿಟ್ಟು ಒಂದೇ: ಸೇರುವ ದಿನಕ್ಕೆ ಮೂವತ್ತು ತುಂಬಿರಬಾರದು. ಶಾಲೆಯ ಸರ್ಟಿಫಿಕೇಟಿನ ಪ್ರಕಾರ ಪದ್ಮಕ್ಕನಿಗೆ ಕಾರ್ತಿಕದಲ್ಲಿ ಮೂವತ್ತು ತುಂಬುತ್ತಿತ್ತು. ಆಯುಧಪೂಜೆ ಕಳೆದ ಸೋಮವಾರ ಬಂದು ಸೇರಿಕೋ ಎಂದಿದ್ದರು. ಆ ಸೋಮವಾರ ತಪ್ಪಿದರೆ ಸೂಳಗಿರಿಯೂ ಇಲ್ಲ, ಅಂಥ ಇನ್ನೊಂದು ಊರೂ ಇಲ್ಲ.

ಹೋಗಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಅದನ್ನೇ ಎಂದೆ. ಅವಳ ಹಳ್ಳಿಯಿಂದ ಸೂಳಗಿರಿಗೆ ಕತ್ತಲಲ್ಲಿ ಹೊರಟು ಎರಡು ಬಸ್ಸು ಬದಲಿಸಬೇಕು. ಮಗಳನ್ನು ಯಾರ ಬಳಿ ಬಿಡುವುದು? ಇಲ್ಲಿ ಬಸ್ಸು ಬಾಗಿಲಿಗೆ ಬರುತ್ತದೆ, ಗುರುತಿನ ಜನ, ಪೊಂಗಲ್ ಆದಮೇಲೆ ಇಲ್ಲಿಯೇ ಪರ್ಮನೆಂಟ್ ಆಗುವುದಾದರೆ ಹೋಗುವುದು ಮೂರ್ಖತನ. ಲೈನು ನಿಲ್ಲುವುದಾದರೆ ಹೋಗದಿರುವುದು ಮೂರ್ಖತನ. ಆ ಹೆಂಗಸಿನ ಇಡೀ ಬಾಳು ಒಂದು ಪ್ರಶ್ನೆಯ ಮೇಲೆ ಬಂದು ನಿಂತಿತ್ತು: ಕೈಯಲ್ಲಿ ಹಿಡಿದು ಆಡುವ ಈ ಡಬ್ಬಿಯನ್ನು ನಿಲ್ಲಿಸುತ್ತಾರೋ, ಇಲ್ಲವೋ? ಉತ್ತರ ಗೊತ್ತಿದ್ದವನು ಒಬ್ಬನೇ. ಪ್ರಸನ್ನ ಸಾರ್, ನಮ್ಮ ಪ್ರೊಡಕ್ಷನ್ ಮ್ಯಾನೇಜರ್. ದಿನಾ ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಿದ್ದ. ಅಚ್ಚ ಕನ್ನಡ, ಮೆತ್ತನೆಯ ದನಿ, ಹೆಂಗಸರನ್ನೆಲ್ಲ ಅಮ್ಮಾ ಎಂದೇ ಕರೆಯುವುದು. ಅಷ್ಟು ಸಭ್ಯ ಮನುಷ್ಯನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂದಿನಿಂದ ಸಭ್ಯರೆಂದರೆ ನನಗೆ ಅನುಮಾನ.

ತಿಂಗಳಿಗೊಮ್ಮೆ ಕ್ಯಾಂಟೀನಿನಲ್ಲಿ ಮೈಕು ಹಿಡಿದು ಅವನು ಮಾತಾಡುತ್ತಿದ್ದ. ಆ ತಿಂಗಳು ನಾನು ಎದ್ದು ನಿಂತೆ.

"ಸಾರ್, ಒಂದೇ ಪ್ರಶ್ನೆ. ಆಟದ ಡಬ್ಬಿ ನಿಲ್ಲಿಸ್ತೀರಾ, ಇಲ್ವಾ? ಹೌದು ಅನ್ನಿ, ಇಲ್ಲಾ ಇಲ್ಲ ಅನ್ನಿ."

"ನಿಮ್ಮ ಹೆಸರೇನಮ್ಮಾ?"

"ಶಶಿಕಲಾ."

"ಕಾಲೇಜಲ್ಲಿ ಡಿಬೇಟ್ ಮಾಡ್ತಿದ್ರಾ?"

"ಹೂಂ ಸಾರ್."

"ಗೊತ್ತಾಯ್ತು ಬಿಡಿ." ಎಲ್ಲರೂ ನಕ್ಕರು. ಅವನೂ ನಕ್ಕ. "ನೋಡಮ್ಮಾ, ಮಾರ್ಕೆಟ್ ಅಂದ್ಮೇಲೆ ಏರಿಳಿತ ಇದ್ದದ್ದೇ. ಕಂಪನಿ ಒಂದು ಕುಟುಂಬ. ನಾವು ನಮ್ಮ ಕ್ವಾಲಿಟಿ ಕಡೆ ಗಮನ ಕೊಡೋಣ. ದೀಪಾವಳಿ ಆರ್ಡರ್ ಇದೆ, ಗಟ್ಟಿಯಾಗಿ ನಿಲ್ಲೋಣ."

"ಅದು ಉತ್ತರ ಅಲ್ಲ ಸಾರ್," ಎಂದೆ. ಅಷ್ಟರಲ್ಲಿ ಮೈಕು ಆರಿತ್ತು, ಬೋಂಡದ ತಟ್ಟೆ ಬಂದಿತ್ತು.

"ಎನ್ನ ಲಾಯರಮ್ಮ, ಕೇಸು ವಾಯ್ದಾನಾ?" ಎಂದಳು ಸೆಲ್ವಿ, ಕೇಸು ಮುಂದಕ್ಕೆ ಹೋಯಿತಾ ಎಂದು ತಮಿಳಿನಲ್ಲಿ ಕೆಣಕುತ್ತಾ.

ಬಾಯಿಂದ ಉತ್ತರ ಹೊರಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೆಂಗಸರು ತಮ್ಮದೇ ಸಾಕ್ಷಿ ಹುಡುಕಿಕೊಂಡರು. ಹಿಂದಿನ ವರ್ಷ ಅದೇ ಶೆಡ್ಡಿನಲ್ಲಿ ಟಿವಿ ರಿಮೋಟಿನ ಲೈನೊಂದಿತ್ತಂತೆ. ಆಯುಧಪೂಜೆಗೆ ಇಡೀ ಕಾರ್ಖಾನೆಯ ಮಿಷನ್ನುಗಳಿಗೆ ಹೂ ಮುಡಿಸಿದರೂ ಆ ಲೈನಿಗೆ ಮಾತ್ರ ಟಾರ್ಪಾಲು ಹೊದಿಸಿ ಬಿಟ್ಟಿದ್ದರು; ಒಂದು ಬೊಟ್ಟು ಕುಂಕುಮವಿಲ್ಲ. ದೀಪಾವಳಿ ಕಳೆಯುವಷ್ಟರಲ್ಲಿ ಲೈನೇ ಇರಲಿಲ್ಲ.

"ನಮ್ ಕಡೆ ಮಾರೋದು ಅಂತ ಮನ್ಸು ಮಾಡಿದ್ ಎತ್ತಿಗೆ ಹಬ್ಬದಾಗೆ ಕೊಂಬಿಗೆ ಬಣ್ಣ ಬಳಿಯಲ್ಲ ಕಣಮ್ಮಿ," ಎಂದಳು ಪದ್ಮಕ್ಕ. "ಪೂಜೆ ಮಾಡಿ ಕಳ್ಸಿದ್ರೆ ಮನೇಗ್ ಆಗಲ್ಲ. ಈ ಸಲ ನಮ್ ಲೈನಿಗೆ ಪೂಜೆ ಆದ್ರೆ ಓಡ್ತದೆ. ಟಾರ್ಪಾಲ್ ಬಿದ್ರೆ ನಾನ್ ಸೂಳಗಿರಿಗೆ ಹೋಯ್ತೀನಿ."

"ಅಕ್ಕ, ಒಂದ್ಸಲ ಹಂಗಾಯ್ತು ಅಂತ ಯಾವಾಗ್ಲೂ ಹಂಗೇ ಆಯ್ತದಾ? ಪೂಜೆ ಮಾಡಕ್ಕೆ ಒಂದು ಹಾರ, ಒಂದು ಬೂದುಗುಂಬಳ ಸಾಕು. ಅದು ಯಾವ ಸಾಕ್ಷಿ?"

"ಬಾಯಿ ಸುಳ್ಳಾಡ್ತದೆ. ದ್ಯಾವ್ರ ಮುಂದೆ ಕೈ ಸುಳ್ಳಾಡಲ್ಲ."

ನಾನು ಮೇಷ್ಟ್ರು ಕಲಿಸಿದ್ದನ್ನೆಲ್ಲ ಖರ್ಚು ಮಾಡಿದೆ. ಪ್ರಯೋಜನವಾಗಲಿಲ್ಲ. ಒಂದು ಮಾತನ್ನು ಒಪ್ಪಬೇಕು: ಅವಳ ನಂಬಿಕೆ ನನ್ನ ವಾದದಷ್ಟೇ ಗಟ್ಟಿಯಾಗಿತ್ತು. ರಿಮೋಟಿನ ಲೈನು ಕಣ್ಣಾರೆ ಕಂಡದ್ದು. ಎಲ್ಲರೂ ಒಂದೇ ಕಟ್ಟಳೆಗೆ ಅಂಜುವ ಊರಿನಲ್ಲಿ ಅದು ಕೆಟ್ಟ ಅಳತೆಗೋಲೇನೂ ಅಲ್ಲ. ಅಳೆಯಿಸಿಕೊಳ್ಳುವವನಿಗೆ ಕೋಲು ಕಾಣದಿರಬೇಕು, ಅಷ್ಟೇ.

ಹಬ್ಬಕ್ಕೆ ವಾರ ಇದ್ದಾಗ ಪ್ರಸನ್ನ ಲೈನಿನ ಸುತ್ತು ಬಂದ. ಪದ್ಮಕ್ಕನ ಮೇಜಿನ ಬಳಿ ನಿಂತು, "ಚೆನ್ನಾಗಿ ಓಡ್ತಿದೆಯಲ್ಲಮ್ಮಾ," ಎಂದ. ಅವಳು ಎದ್ದು ನಿಂತಳು. ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ತಡೆಯುವಷ್ಟರಲ್ಲಿ ಅವಳ ಬಾಯಿಂದ ಮಾತು ಜಾರಿತ್ತು.

"ಸಾರ್, ಈ ಸಲ ನಮ್ ಲೈನಿಗೂ ಪೂಜೆ ಐತಾ?"

"ಯಾಕಮ್ಮಾ ಹಾಗೆ ಕೇಳ್ತೀರಿ?"

"ಹೋದ್ಸಲ ರಿಮೋಟ್ ಲೈನಿಗೆ ಮಾಡ್ಲಿಲ್ಲ ಸಾರ್. ಆಮೇಲೆ ನಿಂತೋಯ್ತು. ಅದ್ಕೇ ನಮ್ ಹೆಂಗಸ್ರೆಲ್ಲ ಪೂಜೆ ನೋಡ್ಕೊಂಡ್ ಇರೋದಾ ಹೋಗೋದಾ ಅಂತ..."

ಅವನು ಅವಳನ್ನೇ ನೋಡಿದ. ಕೋಪವಿಲ್ಲ, ಗಾಬರಿಯಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಇದೆಯೋ ಇಲ್ಲವೋ ಎಂದು ಜೇಬು ಮುಟ್ಟಿ ನೋಡಿಕೊಳ್ಳುವವನ ಮುಖ.

"ಇರುತ್ತಮ್ಮಾ. ಯಾಕಿರಲ್ಲ? ಜೋರಾಗೇ ಮಾಡೋಣ. ಈ ಸಲ ಆರತಿ ನೀವೇ ಎತ್ತಬೇಕು."

ಪದ್ಮಕ್ಕನ ಮುಖ ಅರಳಿತು. ಪರೀಕ್ಷೆ ಬರೆಯುವವನ ಕೈಗೆ ಉತ್ತರವನ್ನೇ ಕೊಟ್ಟು, ಪಾಸಾಗಪ್ಪ ಎಂದು ಬೇಡಿಕೊಂಡ ಹಾಗಿತ್ತು. ಅವಳ ತಪ್ಪೆಂದು ನಾನು ಹೇಳುವುದಿಲ್ಲ. ಅನ್ನ ಕೊಡುವವನ ಮುಂದೆ ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿಟ್ಟರೆ ಅವನೂ ಬಿಚ್ಚಿಡುತ್ತಾನೆ ಎಂಬುದು ನಮ್ಮ ಕಡೆಯವರ ಲೆಕ್ಕ. ಆ ಲೆಕ್ಕ ಚೆನ್ನಾಗಿ ತಿಳಿದಿದ್ದಕ್ಕೇ ಅವನು ಮ್ಯಾನೇಜರ್.

ಪೂಜೆ ಜೋರಾಗಿಯೇ ಆಯಿತು. ಹಿಂದಿನ ದಿನ ಶೆಡ್ಡು ತೊಳೆದೆವು. ಕಂಬಕ್ಕೆಲ್ಲ ಬಾಳೆ ಕಂದು ಕಟ್ಟಿದೆವು. ತಳಿಯ ಸೇವಂತಿಗೆ ಮೂಟೆ ಮೂಟೆ ಇಳಿಯಿತು. ಆ ದಿನ ಹೊಸೂರಿನಲ್ಲಿಯೂ ನಿಯಮವಿರಲಿಲ್ಲ. ಬೇರೆ ಲೈನುಗಳಿಗೆ ಒಂದು ಹಾರವಾದರೆ ನಮ್ಮ ಲೈನಿಗೆ ಸಾಲು ದೀಪ, ಬಾಗಿಲ ತುಂಬ ತೋರಣ. ಹೆಂಗಸರೆಲ್ಲ ರೇಷ್ಮೆ ಉಟ್ಟು ಬಂದಿದ್ದರು. ಪ್ರಸನ್ನ ಜರಿಯಂಚಿನ ಪಂಚೆಯಲ್ಲಿ ಬಂದು, ಬೆಸುಗೆ ಕಡ್ಡಿಯಿಂದ ಹಿಡಿದು ಸ್ಕ್ರೂ ಬಿಗಿಯುವ ಮಿಷನ್ನಿನವರೆಗೆ ಒಂದೊಂದಕ್ಕೂ ತನ್ನ ಕೈಯಾರೆ ವಿಭೂತಿ ಎಳೆದು ಕುಂಕುಮ ಇಟ್ಟ. ಕೊನೆಗೆ ಆಗ ತಾನೇ ಮುಗಿದ ಒಂದು ಆಟದ ಡಬ್ಬಿಯನ್ನು ತಟ್ಟೆಯಲ್ಲಿಟ್ಟು, ಅದರ ಪರದೆಯ ನಡುವೆ ಬೊಟ್ಟಿಟ್ಟು, ಆರತಿಯನ್ನು ಪದ್ಮಕ್ಕನ ಕೈಗೆ ಕೊಟ್ಟ.

ಅವಳು ಕರ್ಪೂರ ಬೆಳಗಿದಳು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಬಾಗಿಲಲ್ಲಿ ಒಡೆದರು. ಸೆಲ್ವಿ ಸಿಳ್ಳೆ ಹೊಡೆದಳು. ಕಡಲೆಪುರಿ, ಬಾಳೆಹಣ್ಣು, ಒಂದೊಂದು ಪೊಟ್ಟಣ ಲಡ್ಡು. ಯಾರೋ ಅತ್ತರು. ಮಳೆಗಾಲವಿಡೀ ಹಿಡಿದಿಟ್ಟ ಉಸಿರನ್ನು ಇಡೀ ಶೆಡ್ಡು ಒಟ್ಟಿಗೆ ಬಿಟ್ಟಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಬಿಡಲಿಲ್ಲ. "ಅಕ್ಕ, ಅವ್ನು ಒಂದ್ ಮಾತು ಆಡ್ಲಿಲ್ಲ. ನಿಲ್ಲಿಸಲ್ಲ ಅಂತ ಬಾಯ್ಬಿಟ್ಟು ಹೇಳ್ಲಿಲ್ಲ. ನೀನ್ ಹೇಳಿದ್ಕೇ ಪೂಜೆ ಮಾಡ್ದ. ಸೋಮವಾರ ಸೂಳಗಿರಿಗೆ ಹೋಗು."

"ನೀನ್ ಹೆಂಗಮ್ಮಿ ಬದುಕ್ತೀಯ, ಯಾರನ್ನೂ ನಂಬದೆ?" ಎಂದಳು. ಬೈಗುಳವಲ್ಲ, ನಿಜವಾಗಿಯೂ ಕೇಳಿದಳು. "ದ್ಯಾವ್ರ ಮುಂದೆ ನಿಂತು ಹಂಗ್ ಮಾಡೋಕೆ ಅವ್ನೇನ್ ರಾಕ್ಷಸನಾ? ಅವ್ನಿಗೂ ಮಕ್ಳವ್ರೆ. ಸುಮ್ಕೆ ಲಡ್ಡು ತಿನ್ನು."

ಸೋಮವಾರ ಅವಳು ಕಂಪನಿ ಬಸ್ಸು ಹತ್ತಿದಳು. ಮುಡಿಯಲ್ಲಿ ಪೂಜೆಯ ಸೇವಂತಿಗೆ ಇನ್ನೂ ಬಾಡಿರಲಿಲ್ಲ.

ಮುಂದಿನ ದಿನಗಳಲ್ಲಿ ಆ ಹೆಂಗಸರು ದುಡಿದ ಹಾಗೆ ಯಾರೂ ದುಡಿಯುವುದನ್ನು ನಾನು ನೋಡಿಲ್ಲ. ಲೈನು ಉಳಿಯಿತಲ್ಲ ಎಂಬ ಹುರುಪು. ಊಟದ ಹೊತ್ತನ್ನೂ ಕತ್ತರಿಸಿಕೊಂಡು ದೀಪಾವಳಿಯ ಆರ್ಡರ್ ಮುಗಿಸಿ ಲಾರಿಗೆ ತುಂಬಿಸಿದರು. ಹಬ್ಬದ ರಜೆಗೆ ಹೊರಟ ಸಂಜೆ, ಬಸ್ಸು ತಳಿ ರಸ್ತೆಗೆ ತಿರುಗುವ ಮೊದಲು, ಕಂಟ್ರಾಕ್ಟರನ ಮನುಷ್ಯ ಬಾಗಿಲ ಮೆಟ್ಟಿಲ ಮೇಲೆ ನಿಂತು ಹೇಳಿದ: "ಹಬ್ಬ ಆದ್ಮೇಲೆ ಈ ರೂಟಿಗೆ ಬಸ್ ಬರಲ್ಲಮ್ಮಾ. ಬೇಕಾದ್ರೆ ಹೇಳಿ ಕಳಿಸ್ತೀವಿ." ಹೇಳಿ ಇಳಿದುಹೋದ. ಇಷ್ಟೇ. ಒಂದು ಲೈನಿನ ಸಾವಿನ ಸುದ್ದಿಯನ್ನು ಬಸ್ಸಿನ ರೂಟಿನ ಸುದ್ದಿಯಾಗಿ ಕೊಟ್ಟರು.

ದೀಪಾವಳಿಯ ಮಾರನೆಯ ದಿನ ನಾನೂ ಪದ್ಮಕ್ಕನೂ ಸೂಳಗಿರಿಗೆ ಹೋದೆವು. ಗೇಟಿನವನು ಒಳಗೆ ಕೇಳಿ ಬಂದ. ಆ ಜಾಗ ತುಂಬಿದೆ, ಇನ್ನೂ ಆಳು ತೆಗೆದುಕೊಳ್ಳುತ್ತಿದ್ದೇವೆ, ಆದರೆ ಇವರ ಸರ್ಟಿಫಿಕೇಟಿನಲ್ಲಿ ವಯಸ್ಸು ದಾಟುತ್ತದಲ್ಲ ಎಂದ. ಅವನ ದನಿಯಲ್ಲಿ ಅಯ್ಯೋ ಪಾಪ ಇತ್ತು, ಆದರೆ ಗೇಟು ಮುಚ್ಚಿತ್ತು. ಪದ್ಮಕ್ಕ ಹೆದ್ದಾರಿಯ ಆಚೆಗೆ ನೋಡುತ್ತಾ, "ಮೂವತ್ತಾದ್ರೆ ಬೆರಳು ಬಿದ್ದೋಯ್ತವಾ?" ಎಂದಳು. ಇವತ್ತು ಅವಳು ತಳಿ ರಸ್ತೆಯ ಗುಲಾಬಿ ಶೆಡ್ಡೊಂದರಲ್ಲಿ ದಿನಗೂಲಿ. ಔಷಧಿ ಹೊಡೆದ ಗಿಡಗಳ ನಡುವೆ ಬಗ್ಗಿ ಮೊಗ್ಗು ಕತ್ತರಿಸುತ್ತಾಳೆ. ಅಂಗೈಯಲ್ಲಿ ಮುಳ್ಳಿನ ಗೀರು, ಎದೆಯಲ್ಲಿ ಬಿಡದ ಕೆಮ್ಮು. ಅಂಥ ಶೆಡ್ಡಿನಲ್ಲಿ ಪರ್ಮನೆಂಟ್ ಎಂಬ ಪದವನ್ನು ಸುಳ್ಳಿಗೂ ಯಾರೂ ಹೇಳುವುದಿಲ್ಲ.

ಸೂಳಗಿರಿಯಿಂದ ನೇರವಾಗಿ ಹೊಸೂರಿಗೆ ಬಂದೆವು. ಕಾರ್ಖಾನೆಯ ಗೇಟಿನ ಮುಂದೆ ಲೈನಿನ ಹೆಂಗಸರೆಲ್ಲ ಜಮಾಯಿಸಿದ್ದರು, ಹಿಂಗಾರು ಮಳೆ ಹನಿಯುತ್ತಿತ್ತು. ಇಬ್ಬರು ಮಾತ್ರ ಒಳಗೆ ಬರಬಹುದು ಎಂದು ಅಪ್ಪಣೆ ಬಂತು. ಪದ್ಮಕ್ಕ ಹೋದಳು, ಜೊತೆಗೆ ನಾನು.

ಪ್ರಸನ್ನ ಎದ್ದು ನಿಂತು ಕುರ್ಚಿ ತೋರಿಸಿದ. ಟೀ ಹೇಳಿದ. ನಾನು ಮೊದಲೇ ಹೇಳಿದೆನಲ್ಲ, ಸಭ್ಯ.

"ಅವತ್ತು ನಿಮ್ ಕೈಯಾರೆ ಕುಂಕುಮ ಇಟ್ರಲ್ಲ ಸಾರ್," ಎಂದಳು ಪದ್ಮಕ್ಕ.

"ಇಟ್ಟೆ ಕಣಮ್ಮಾ. ದುಡಿಯೋ ಮಿಷನ್‌ಗೆ ಗೌರವ ಅದು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಾನ್ ಕೇಳಿದ್ನಲ್ಲ ಸಾರ್, ನಿಮ್ಮನ್ನ."

"ಪೂಜೆ ಇದೆಯಾ ಅಂತ ಕೇಳಿದ್ರಿ. ಇದೆ ಅಂದೆ. ಪೂಜೆ ಆಯ್ತಲ್ವಾ?"

ಅವನು ಹೇಳಿದ ಒಂದೊಂದು ವಾಕ್ಯವೂ ನಿಜ. ಹಿಡಿದು ಅಲ್ಲಾಡಿಸಲು ಅವನು ಒಂದು ಸುಳ್ಳನ್ನೂ ಬಿಟ್ಟಿರಲಿಲ್ಲ. ಸುಳ್ಳಾಡಿದವನನ್ನು ಸೋಲಿಸುವ ದಾರಿ ನನಗೆ ಗೊತ್ತಿತ್ತು. ಮಾತೇ ಆಡದೆ, ಇನ್ನೊಬ್ಬರ ಭಕ್ತಿಯ ಕೈಯಿಂದ ಸುಳ್ಳು ಹೇಳಿಸಿದವನನ್ನು ಯಾವ ವೇದಿಕೆಯಲ್ಲಿ ಎದುರಿಸುವುದು? ತೀರ್ಪುಗಾರರು ಯಾರು? ಆ ಪ್ರಶ್ನೆ ನನ್ನೊಳಗೆ ಇವತ್ತಿಗೂ ಹಾಗೆಯೇ ಉರಿಯುತ್ತಿದೆ.

ಕೊನೆಗೆ ಕೇಳಿದೆ. "ತೀರ್ಮಾನ ಯಾವಾಗ ಆಯ್ತು ಸಾರ್?"

"ವಿರಾಮ ಕೊಡೋದು ಅಂತ ಹೆಡ್ ಆಫೀಸಲ್ಲಿ ಆಷಾಢದಲ್ಲೇ ಆಗಿತ್ತು. ದೀಪಾವಳಿ ಆರ್ಡರ್ ಮುಗಿಸಬೇಕಿತ್ತಲ್ಲಮ್ಮಾ. ಮೊದಲೇ ಹೇಳಿದ್ರೆ ನೀವ್ಯಾರು ಉಳೀತಿದ್ರಿ? ನನ್ನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ, ಹೇಳಿ ನೋಡೋಣ."

"ವಿರಾಮ ಅಂದ್ರೆ? ನಿಲ್ಲಿಸಿದ್ರಿ ಅಂತ ತಾನೇ?"

"ಆ ಪದ ನಾನು ಬಳಸಲ್ಲ. ಡೀಲರುಗಳ ಹತ್ತಿರ ಇನ್ನೂ ಸರಕಿದೆ. ನಿಲ್ಲಿಸಿದೀವಿ ಅಂದ್ರೆ ಯಾರು ಕೊಳ್ತಾರೆ? ಸದ್ಯಕ್ಕೆ ವಿರಾಮ. ಪೊಂಗಲ್ ಆದ್ಮೇಲೆ ನೋಡೋಣ." ಅವನು ಪದ್ಮಕ್ಕನ ಕಡೆ ತಿರುಗಿದ. ದನಿ ಇನ್ನಷ್ಟು ಮೆತ್ತಗಾಯಿತು. "ನಿಮ್ಮ ಮಾತು ಅವರೆಲ್ಲ ಕೇಳ್ತಾರಮ್ಮಾ. ಹೊರಗಡೆ ಹೋಗಿ ಹೇಳಿ, ಪೊಂಗಲ್ ತನಕ ಸಮಾಧಾನವಾಗಿ ಕಾಯಿರಿ ಅಂತ. ಗಲಾಟೆ ಬೇಡ."

ಟೀ ಬಂತು. ಪದ್ಮಕ್ಕ ಲೋಟ ಮುಟ್ಟಲಿಲ್ಲ. "ಹೇಳ್ತೀನಿ ಸಾರ್," ಎಂದು ಎದ್ದಳು.

ಗೇಟಿನವರೆಗೂ ನಾನು ಅವಳ ಹಿಂದೆಯೇ ಗೊಣಗುತ್ತಾ ನಡೆದೆ. ಕಾಯಿರಿ ಎಂದು ಹೇಳಬೇಡಕ್ಕ, ಅವನ ಸುಳ್ಳನ್ನು ಹೊರಬೇಡ ಎಂದು. ಅವಳು ಸೆರಗು ತಲೆಗೆ ಹೊದ್ದು ಬಿರಬಿರನೆ ನಡೆದಳು. ಹೊರಗೆ ಮಳೆ ಬಲಿತಿತ್ತು. ಹೆಂಗಸರು ಮುತ್ತಿಕೊಂಡರು. "ಏನಂದ್ನಕ್ಕ? ಕರೀತಾನಂತಾ? ಪೊಂಗಲ್ ಆದ್ಮೇಲೆ ಕರೀತಾನಂತಾ?" ಅವರ ಕಣ್ಣುಗಳಲ್ಲಿ ಏನು ಬೇಕಾಗಿತ್ತೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಹೂಂ ಎಂದಿದ್ದರೆ ಅಷ್ಟೂ ಜನ ಸಂಕ್ರಾಂತಿಯವರೆಗೆ ಮನೆಯಲ್ಲಿ ಕೂತು ಕಾಯುತ್ತಿದ್ದರು.

ಪದ್ಮಕ್ಕ ಗೇಟಿನ ಪಕ್ಕದ ಕಲ್ಲು ಹತ್ತಿ ನಿಂತಳು.

"ನಿಂತೋಯ್ತು ಕಣ್ರೇ!" ಎಂದು ಕೂಗಿದಳು. "ಆಟದ ಡಬ್ಬಿ ನಿಂತೋಯ್ತು. ಆಷಾಢದಾಗೇ ನಿಂತೋಗಿತ್ತು. ಇನ್ ಬರಲ್ಲ. ಯಾರೂ ಕಾಯ್ಬ್ಯಾಡ್ರಿ!"

ಹಿಂದೆ ನಿಂತಿದ್ದ ತೆಲುಗಿನವರ ಕಡೆ ತಿರುಗಿದಳು. "ಆಗಿಪೋಯಿಂದಮ್ಮಾ!" ಎಂದಳು. ಆಮೇಲೆ ತಮಿಳಿನವರಿಗೆ, "ನಿನ್ನುಪೋಚ್ಚು ಡೀ! ವೀಟ್ಟುಕ್ಕು ಪೋಂಗ, ವೇರೆ ವೇಲೆ ಪಾರುಂಗ!" ಎಂದು, ಮನೆಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಲು ಹೇಳಿದಳು. ಒಬ್ಬ ಮ್ಯಾನೇಜರ್ ಒಂದು ಭಾಷೆಯಲ್ಲಿ ಹೇಳಲಾರದ ಮಾತನ್ನು ಅವಳು ಮೂರು ಭಾಷೆಯಲ್ಲಿ ಹೇಳಿ ಮುಗಿಸಿದಳು. ವಾಚ್‌ಮನ್ ಓಡಿ ಬಂದು, "ಏಯ್, ಇಳಿಯಮ್ಮಾ, ಸಾರ್ ನೋಡ್ತಾವ್ರೆ," ಎಂದ. "ನೋಡ್ಲಿ," ಎಂದಳು. ಇಳಿಯಲಿಲ್ಲ.

ಯಾರೋ ಅವಳನ್ನೇ ಬೈದರು. ಯಾರೋ ಗೋಳಾಡಿದರು. ಸೆಲ್ವಿ ಮಾತ್ರ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದಳು. ಪದ್ಮಕ್ಕ ಕಲ್ಲಿನ ಮೇಲಿಂದಲೇ ಅವಳ ರಟ್ಟೆ ಹಿಡಿದಳು.

"ಏನ್ ನೋಡ್ತಾ ನಿಂತಿದ್ದೀಯ? ಸೂಳಗಿರೀಲಿ ಇನ್ನೂ ಆಳ್ ತಗೊಳ್ತಾವ್ರೆ. ನಿನ್ಗಿನ್ನೂ ವಯಸ್ಸೈತೆ. ಓಡು, ಬಸ್ ಐತೆ."